ಕ್ಯಾಂಪಿಂಗ್‌ಗೆ ಹಾಳೆ ತಟ್ಟೆಯೋ, ಬಾಳೆಲೆಯೋ, ಪೇಪರ್ ಕಪ್ಪೋ? ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿಯಲ್ಲಿ ನಮ್ಮದೊಂದು ಎಂಟು ಜನರ ಗುಂಪು ಉಂಟು. ಒಂದು ಮಳೆಗಾಲ ಮುಗಿದು ಇನ್ನೊಂದು ಶುರುವಾಗುವವರೆಗೆ ತಿಂಗಳಿಗೊಮ್ಮೆಯಾದರೂ ಟೆಂಟ್ ಕಟ್ಟಿಕೊಂಡು ಹೊರಡುತ್ತೇವೆ. ಒಮ್ಮೆ ಸಂಸೆ ಕಡೆಯ ಹೋಂಸ್ಟೇ ಅಂಗಳ, ಒಮ್ಮೆ ಹೆಬ್ರಿ ಹತ್ತಿರದ ಗೆಳೆಯನ ತೋಟ, ಒಮ್ಮೆ ಕಡಲ ಬದಿ. ಅಡುಗೆ, ಪಾತ್ರೆ, ಕಸ ಈ ಮೂರೂ ನನ್ನ ಪಾಲಿಗೆ ಬಿದ್ದಿವೆ. ಹಾಗಾಗಿ ಹೊಸಬರು ಯಾರು ಸೇರಿದರೂ ನನ್ನ ಹತ್ತಿರ ಇವೇ ಪ್ರಶ್ನೆ ಕೇಳುತ್ತಾರೆ. ಪ್ರತಿ ಸಲ ವಾಟ್ಸಾಪ್‌ನಲ್ಲಿ ಟೈಪ್ ಮಾಡಿ ಮಾಡಿ ಬೆರಳು ನೋವು ಬಂತು, ಒಂದೇ ಸಲ ಬರೆದಿಡುತ್ತೇನೆ.

ಬಿಸಾಡುವ ತಟ್ಟೆಯೇ ಯಾಕೆ ಬೇಕು? ಮನೆಯ ಸ್ಟೀಲ್ ತಟ್ಟೆ ಸಾಕಲ್ವಾ?

ಸಾಕು. ನಿಜ ಹೇಳಬೇಕೆಂದರೆ ಅದೇ ಒಳ್ಳೆಯದು. ಕಾರಿನಲ್ಲಿ ಹೋಗಿ, ಬಾವಿಯೋ ನಳ್ಳಿಯೋ ಇರುವ ಕಡೆ ಟೆಂಟ್ ಹಾಕುವವರು ಮುಂದಿನದನ್ನು ಓದುವುದೇ ಬೇಡ, ಸ್ಟೀಲ್ ತಟ್ಟೆ, ಲೋಟ ಕಟ್ಟಿಕೊಂಡು ಹೊರಡಿ. ಒಂದು ಸಲ ಬಳಸಿ ಎಸೆಯುವ ವಸ್ತು ಎಷ್ಟೇ ಹಸಿರಾಗಿದ್ದರೂ ನೂರು ಸಲ ಬಳಸುವ ವಸ್ತುವಿನ ಮುಂದೆ ಸೋಲುತ್ತದೆ.

ತೊಂದರೆ ಬರುವುದು ನೀರಿಲ್ಲದ ಕಡೆ. ಎಂಟು ಜನರ ತಟ್ಟೆ ತೊಳೆಯಲು ಎಷ್ಟು ಹಿಡಿತದಲ್ಲಿ ಬಳಸಿದರೂ ಒಂದು ಹೊತ್ತಿಗೆ ಹತ್ತು ಲೀಟರ್ ನೀರು ಬೇಕು. ಅಂದರೆ ಹತ್ತು ಕಿಲೋ ಹೊರೆ. ಗುಡ್ಡ ಹತ್ತುವಾಗ ಅದನ್ನು ಹೊರುವವರು ಯಾರು? ತೊರೆಯಲ್ಲಿ ತೊಳೆದರಾಯ್ತು ಅನ್ನುವವರೂ ಇದ್ದಾರೆ, ದಯವಿಟ್ಟು ಬೇಡ. ಘಟ್ಟದ ಮೇಲೆ ಎಷ್ಟೋ ಮನೆಗಳಿಗೆ ಅದೇ ತೊರೆಯಿಂದ ಪೈಪ್ ಎಳೆದಿರುತ್ತಾರೆ, ಅದೇ ಅಬ್ಬಿ ನೀರನ್ನು ಕುಡಿಯುತ್ತಾರೆ. ನಿಮ್ಮ ಸೋಪಿನ ನೊರೆ, ಕೋಳಿ ಸಾರಿನ ಜಿಡ್ಡು ಎಲ್ಲ ನೇರ ಅವರ ಹಂಡೆಗೆ. ಇಂಥ ಕಡೆ ಮಾತ್ರ ಬಿಸಾಡುವ ತಟ್ಟೆಗೆ ಅರ್ಥ ಉಂಟು.

ಹಾಗಾದರೆ ಹಾಳೆ ತಟ್ಟೆಯೇ ಮೊದಲ ಆಯ್ಕೆಯಾ?

ನಮ್ಮ ಊರಿನವರಿಗೆ ಹೌದು. ನಮಗೆ ಹಾಳೆ, ಅಂದರೆ ಅಡಿಕೆ ಸೋಗೆಯ ಬುಡದಲ್ಲಿರುವ ಅಗಲ ಪೊರೆ, ಹೊಸದೇನಲ್ಲ. ಅಜ್ಜ ತೋಟಕ್ಕೆ ಹೋಗುವಾಗ ತಲೆಗೆ ಇಡುತ್ತಿದ್ದ ಮುಟ್ಟಾಳೆ ಹಾಳೆಯದ್ದು, ಹುಟ್ಟಿದ ಕೂಸನ್ನು ಮೀಯಿಸುತ್ತಿದ್ದದ್ದು ಹಾಳೆಯ ಮೇಲೆ, ದನಕ್ಕೆ ಕೊಚ್ಚಿ ಹಾಕುತ್ತಿದ್ದದ್ದೂ ಅದನ್ನೇ. ಅಡಿಕೆ ಮರದಿಂದ ಸೋಗೆ ತಾನಾಗಿ ಕಳಚಿ ಬೀಳುವಾಗ ಹಾಳೆಯೂ ಜೊತೆಗೆ ಬರುತ್ತದೆ, ಒಂದು ಮರದಿಂದ ವರ್ಷಕ್ಕೆ ಐದಾರು. ಮರ ಕಡಿಯುವ ಮಾತಿಲ್ಲ. ಅದನ್ನು ನೀರಿನಲ್ಲಿ ನೆನೆಸಿ, ಉಜ್ಜಿ ತೊಳೆದು, ಸ್ವಲ್ಪ ಆರಿಸಿ, ಬಿಸಿ ಅಚ್ಚಿನ ನಡುವೆ ಒತ್ತಿದರೆ ತಟ್ಟೆ. ಅಂಟು ಬೇಡ, ಬಣ್ಣ ಬೇಡ, ಪ್ಲಾಸ್ಟಿಕ್ ಲೇಪ ಬೇಡ.

ಪುತ್ತೂರು, ಸುಳ್ಯ, ಬೆಳ್ತಂಗಡಿ ಕಡೆ ಅಡಿಕೆ ತೋಟಕ್ಕೆ ಬರಗಾಲವಿಲ್ಲ, ಹಾಳೆ ತಟ್ಟೆ ಒತ್ತುವ ಯಂತ್ರಗಳೂ ಇವೆ. ಆದ್ದರಿಂದ ದೂರದ ಊರಿಂದ ಲಾರಿಯಲ್ಲಿ ಬಂದ, ಮೂರು ಸುತ್ತು ಪ್ಲಾಸ್ಟಿಕ್ ಸುತ್ತಿದ ‘ಇಕೋ ಕಿಟ್’ ಆನ್‌ಲೈನ್‌ನಲ್ಲಿ ತರಿಸುವುದು ನನಗಂತೂ ತಮಾಷೆಯಾಗಿ ಕಾಣುತ್ತದೆ.

ಒಳ್ಳೆ ಹಾಳೆ ತಟ್ಟೆ ಗುರುತಿಸುವುದು ಹೇಗೆ?

ಕಟ್ಟು ಬಿಚ್ಚಿಸಿ ನೋಡಿ. ಅಂಗಡಿಯವರು ಮುಖ ಸಿಂಡರಿಸಿದರೂ ಪರವಾಗಿಲ್ಲ.

ಮೊದಲು ಮೂಗಿನ ಹತ್ತಿರ ಹಿಡಿಯಿರಿ. ಒಣಹುಲ್ಲಿನ, ಸ್ವಲ್ಪ ಸುಟ್ಟ ಮರದ ವಾಸನೆ ಬಂದರೆ ಸರಿ. ಮುಗ್ಗಲು ವಾಸನೆ ಬಂದರೆ ಇಡೀ ಕಟ್ಟು ವಾಪಸ್. ಆಮೇಲೆ ಬೆಳಕಿಗೆ ಹಿಡಿಯಿರಿ. ಹಾಳೆಯ ಗೆರೆಗಳು ಉದ್ದಕ್ಕೆ ಓಡುತ್ತವೆ, ತಟ್ಟೆಯ ಅಂಚು ಮಡಚುವ ಕಡೆ ಆ ಗೆರೆಯಲ್ಲೇ ಕೂದಲೆಳೆಯಷ್ಟು ಸೀಳು ಬಿಟ್ಟಿರುತ್ತದೆ. ಚಪ್ಪಟೆ ತಟ್ಟೆಗೆ ಅದು ದೊಡ್ಡ ವಿಷಯವಲ್ಲ, ಗುಂಡಿ ಬಟ್ಟಲಿಗೆ ದೊಡ್ಡ ವಿಷಯ. ಒಮ್ಮೆ ಬೆಳಿಗ್ಗೆ ಚಳಿಯಲ್ಲಿ ಬಿಸಿ ಗಂಜಿ ಬಡಿಸಿಕೊಂಡು ಬಟ್ಟಲನ್ನು ತೊಡೆ ಮೇಲೆ ಇಟ್ಟು ಕೂತಿದ್ದೆ. ಎರಡು ನಿಮಿಷದಲ್ಲಿ ತೊಡೆ ಬಿಸಿಯಾಯಿತು. ಗಂಜಿ ತಿಳಿ ಪೂರ್ತಿ ಪ್ಯಾಂಟಿಗೆ ಇಳಿದಿತ್ತು, ಬಟ್ಟಲಲ್ಲಿ ಉಳಿದದ್ದು ಬರೀ ಅಗುಳು ಮತ್ತು ಉಪ್ಪಿನಕಾಯಿ. ಅಂದಿನಿಂದ ಬಟ್ಟಲು ಕೊಳ್ಳುವಾಗ ಒಂದಕ್ಕೆ ನೀರು ತುಂಬಿಸಿ ಕಾಲು ಗಂಟೆ ಬಿಟ್ಟು ನೋಡುತ್ತೇನೆ, ಅಡಿಯಲ್ಲಿ ಪೇಪರ್ ಹಾಸಿ.

ಕಂದು ಗೆರೆ, ಮಚ್ಚೆ ಹಾಳೆಗೆ ಸಹಜ. ಪುಡಿ ಪುಡಿಯಾದ ಕಪ್ಪು ಅಥವಾ ಹಸಿರು ಚುಕ್ಕೆ ಇದ್ದರೆ ಅದು ಬೂಷ್ಟು. ಇನ್ನೊಂದು ನೀಲಿ ಕಲೆ. ಕೊಳೆರೋಗಕ್ಕೆ ಮಳೆಗಾಲದಲ್ಲಿ ಅಡಿಕೆ ಗೊನೆಗೆ ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತು ಮತ್ತು ಸುಣ್ಣದ ಮದ್ದು ಬಿಡುತ್ತಾರಲ್ವಾ, ಅದು ಹಾಳೆಯ ಮೇಲೂ ಬಿದ್ದು ಒಣಗಿರುತ್ತದೆ. ಸರಿಯಾಗಿ ತೊಳೆದ ಹಾಳೆಯಲ್ಲಿ ಅದು ಕಾಣಬಾರದು. ಕಂಡರೆ ತೊಳೆಯುವ ಕೆಲಸ ಸುಮ್ನೆ ಹೆಸರಿಗೆ ನಡೆದಿದೆ ಅಂತ ಲೆಕ್ಕ. ತೀರಾ ಬೆಳ್ಳಗೆ ಹೊಳೆಯುವ ಹಾಳೆ ತಟ್ಟೆಯನ್ನೂ ನಾನು ನಂಬುವುದಿಲ್ಲ, ಹಾಳೆಯ ಬಣ್ಣ ಹಾಗಿರುವುದಿಲ್ಲ.

ಎಲೆ, ಹಾಳೆಯಂಥ ಕೃಷಿ ಉಳಿಕೆಗಳಿಂದ ಮಾಡುವ ಊಟದ ಪಾತ್ರೆಗಳಿಗೆ ಭಾರತೀಯ ಮಾನಕ ಬ್ಯೂರೋ 2023ರಲ್ಲಿ ಐಎಸ್ 18267 ಅಂತ ಒಂದು ಮಾನದಂಡ ತಂದಿದೆ. ಆ ಸಂಖ್ಯೆ ಕಟ್ಟಿನ ಮೇಲೆ ಕಂಡರೆ ಒಳ್ಳೆಯದು. ಕಾಣದಿದ್ದರೆ ಮೂಗು, ಕಣ್ಣು ಇದ್ದೇ ಇದೆಯಲ್ಲ.

ಅಮೆರಿಕದಲ್ಲಿ ಹಾಳೆ ತಟ್ಟೆ ನಿಲ್ಲಿಸಿದ್ದಾರಂತೆ. ವಿಷ ಉಂಟಾ ಅದರಲ್ಲಿ?

ಈ ಪ್ರಶ್ನೆಗೆ ಹಾರಿಕೆಯ ಉತ್ತರ ಕೊಡುವುದು ಸರಿಯಲ್ಲ. 2025ರಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಅಡಿಕೆ ಹಾಳೆಯ ಪಾತ್ರೆಗಳ ಆಮದಿಗೆ ತಡೆ ಹಾಕಿದ್ದು ಹೌದು. ಅಡಿಕೆಯಲ್ಲಿರುವ ಅರೆಕೋಲಿನ್‌ನಂಥ ಆಲ್ಕಲಾಯ್ಡ್‌ಗಳು, ಅಂದರೆ ಗಿಡದಲ್ಲೇ ಇರುವ ಒಂದು ಬಗೆಯ ರಾಸಾಯನಿಕಗಳು, ಹಾಳೆಯಿಂದ ಊಟಕ್ಕೆ ಇಳಿಯಬಹುದು ಅನ್ನುವುದು ಅವರ ಆತಂಕ. ಅಡಿಕೆ ಜಗಿಯುವುದು ಕ್ಯಾನ್ಸರ್‌ಗೆ ಕಾರಣ ಅನ್ನುವುದು ಮೊದಲೇ ಗೊತ್ತಿರುವ ವಿಷಯ. ತಟ್ಟೆಯಲ್ಲಿ ಊಟ ಮಾಡುವುದೂ ಅಡಿಕೆ ಜಗಿಯುವುದೂ ಒಂದೇ ಅಲ್ಲ, ಆದರೆ ‘ನಮ್ಮ ಅಜ್ಜ ಅಜ್ಜಿಗೆ ಏನೂ ಆಗಿಲ್ಲ’ ಅನ್ನುವುದೂ ಉತ್ತರವಲ್ಲ ಮಾರಾಯ್ರೆ.

ನಾನು ಮಾಡುವುದು ಇಷ್ಟು. ವರ್ಷಕ್ಕೆ ಹತ್ತಿಪ್ಪತ್ತು ಊಟಕ್ಕೆ ಹಾಳೆ ತಟ್ಟೆ ಬಳಸುತ್ತೇನೆ, ದಿನಾ ಮನೆಯಲ್ಲಿ ಬಳಸುವುದಿಲ್ಲ. ಕುದಿಯುವ ಸಾರನ್ನು ಅದರಲ್ಲಿ ಹಾಕಿ ಗಂಟೆಗಟ್ಟಲೆ ಬಿಡುವುದಿಲ್ಲ. ಚಿಕ್ಕ ಮಕ್ಕಳಿಗೆ ಸ್ಟೀಲ್ ತಟ್ಟೆಯನ್ನೇ ಒಯ್ಯುತ್ತೇನೆ. ತಟ್ಟೆಯ ಮೇಲೆ ಬಾಳೆಲೆಯ ತುಂಡು ಹಾಸುವ ಉಪಾಯ ಎಲ್ಲಕ್ಕಿಂತ ಒಳ್ಳೆಯದು. ಎಲೆಗೆ ಬೆನ್ನೆಲುಬು ಸಿಕ್ಕಿತು, ತಟ್ಟೆಗೆ ಜಿಡ್ಡು ಹತ್ತಲಿಲ್ಲ, ಅದೇ ತಟ್ಟೆ ಮುಂದಿನ ಊಟಕ್ಕೂ ಬಂತು.

ಬಾಳೆಲೆ ಮಾತ್ರ ಒಯ್ದರೆ?

ಒಂದು ರಾತ್ರಿಯ ಕ್ಯಾಂಪ್‌ಗೆ ಬಾಳೆಲೆಯನ್ನು ಮೀರಿಸುವುದು ಯಾವುದೂ ಇಲ್ಲ. ತೂಕ ಇಲ್ಲದಷ್ಟು, ಸುರುಳಿ ಸುತ್ತಿ ಬ್ಯಾಗಿನ ಹೊರಗೆ ಕಟ್ಟಬಹುದು. ಆದರೆ ಹಸಿ ಎಲೆ ಸುತ್ತಿದರೆ ನರದ ಉದ್ದಕ್ಕೂ ಸೀಳುತ್ತದೆ. ಹೊರಡುವ ಮೊದಲು ಒಲೆಯ ಮೇಲೆ ಒಂದೊಂದನ್ನೇ ಹಿಡಿದು ಬಾಡಿಸಿ. ಮಾಸಲು ಹಸಿರಿನಿಂದ ಕಡು ಹಸಿರಿಗೆ ತಿರುಗುತ್ತಾ ಎಣ್ಣೆ ಸವರಿದ ಹಾಗೆ ಹೊಳಪು ಬರುತ್ತದೆ, ಆಗ ಬಟ್ಟೆಯ ಹಾಗೆ ಮಡಚಬಹುದು. ನಡುವಿನ ದಿಂಡನ್ನು ಚಾಕುವಿನಿಂದ ಕೆತ್ತಿ ತೆಗೆಯಿರಿ. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಮರುದಿನದವರೆಗೂ ಚೆನ್ನಾಗಿರುತ್ತದೆ. ಮೂರನೇ ದಿನಕ್ಕೆ ನಂಬಬೇಡಿ.

ಎಲೆಗೆ ಸಮತಟ್ಟಾದ ನೆಲ ಬೇಕು ಅನ್ನುವುದೊಂದೇ ಕಿರಿಕಿರಿ. ಇಳಿಜಾರಿನಲ್ಲಿ ಕೂತರೆ ಸಾರು ನಿಮಗಿಂತ ಮೊದಲು ಘಟ್ಟ ಇಳಿದಿರುತ್ತದೆ.

ತಟ್ಟೆಯೇ ಬೇಡದ ಊಟ ಒಯ್ಯಬಹುದಾ?

ಆಹಾ, ಇದು ಕೇಳಬೇಕಾದ ಪ್ರಶ್ನೆ! ಕೊಟ್ಟೆ ಕಡುಬು, ಮೂಡೆ ಇವೆಲ್ಲ ಮತ್ತೆ ಯಾಕೆ ಇರುವುದು? ಹಲಸಿನ ಎಲೆಯ ಕೊಟ್ಟೆಯಲ್ಲಿ ಬೆಂದ ಕಡುಬು ತನ್ನ ಪಾತ್ರೆಯನ್ನು ತಾನೇ ಹೊತ್ತು ತರುತ್ತದೆ. ಬೆಳಿಗ್ಗೆ ಮನೆಯಲ್ಲಿ ಬೇಯಿಸಿ ಒಯ್ದರೆ ರಾತ್ರಿಗೂ ಹಾಳಾಗುವುದಿಲ್ಲ, ಜೊತೆಗೆ ಒಣ ಚಟ್ನಿ ಇದ್ದರೆ ಸಾಕು. ಬನ್ಸ್, ಗೋಳಿಬಜೆಗೆ ತಟ್ಟೆ ಕೇಳುವವರನ್ನು ನಾವು ಗುಂಪಿಗೆ ಸೇರಿಸುವುದೇ ಇಲ್ಲ. ನಮ್ಮ ಒಂದೂವರೆ ದಿನದ ಪಟ್ಟಿಯಲ್ಲಿ ತಟ್ಟೆ ಬೇಕಾಗುವುದು ಎರಡೇ ಊಟಕ್ಕೆ.

ಕೋರಿ ರೊಟ್ಟಿ, ಗಂಜಿ, ಮೀನ್ ಸಾರು, ಯಾವುದಕ್ಕೆ ಏನು?

ಕೋರಿ ರೊಟ್ಟಿಗೆ ಅಂಚು ಎತ್ತರ ಇರುವ 10 ಇಂಚಿನ ಹಾಳೆ ತಟ್ಟೆ. ರೊಟ್ಟಿ ಸಾರು ಹೀರುತ್ತದೆ, ತಟ್ಟೆಗೆ ಕೆಲಸ ಕಡಿಮೆ. ನೀರ್‌ದೋಸೆ, ಪುಂಡಿ, ಸುಕ್ಕ ಬಾಳೆಲೆಗೆ ಸರಿ. ಗಂಜಿಗೆ ಮಾತ್ರ ಹಾಳೆ ಬಟ್ಟಲು ಬೇಡ, ಮೇಲಿನ ಪ್ಯಾಂಟಿನ ಕಥೆ ಓದಿದ್ದೀರಲ್ಲ. ಅದಕ್ಕೆ ಸ್ಟೀಲ್ ಲೋಟ ಅಥವಾ ಗೆರಟೆ. ಕೆರೆದು ನುಣುಪು ಮಾಡಿದ ತೆಂಗಿನ ಗೆರಟೆ ವರ್ಷಗಟ್ಟಲೆ ಬರುತ್ತದೆ, ಮೂರು ಕಣ್ಣಿಲ್ಲದ ಅರ್ಧವನ್ನೇ ಆರಿಸಿ.

ಪೇಪರ್ ಕಪ್, ಪೇಪರ್ ತಟ್ಟೆ ಕಾಗದ ತಾನೇ? ಕರಗಿ ಹೋಗುತ್ತದೆ ಅಲ್ವಾ?

ಒಂದು ಪ್ರಯೋಗ ಮಾಡಿ. ಪೇಪರ್ ಕಪ್ಪೊಂದನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಡಿ. ಆಮೇಲೆ ಹೊರಗಿನಿಂದ ಹೆಬ್ಬೆರಳಿನಲ್ಲಿ ಉಜ್ಜುತ್ತಾ ಹೋಗಿ. ಕಾಗದ ಮುದ್ದೆ ಮುದ್ದೆಯಾಗಿ ಕಳಚಿಕೊಳ್ಳುತ್ತದೆ, ಕೊನೆಗೆ ಕೈಯಲ್ಲಿ ಉಳಿಯುವುದು ಹಾವಿನ ಪೊರೆಯಂಥ ತೆಳು ಪ್ಲಾಸ್ಟಿಕ್. ಚಹಾ ಸೋರದೆ ನಿಲ್ಲುತ್ತಿದ್ದದ್ದು ಅದರ ದೆಸೆಯಿಂದ. ಖರಗ್‌ಪುರದ ಐಐಟಿಯವರು 2020ರಲ್ಲಿ ಇದನ್ನೇ ಪರೀಕ್ಷೆ ಮಾಡಿದ್ದರು. 85ರಿಂದ 90 ಡಿಗ್ರಿ ಬಿಸಿಯ 100 ಮಿಲಿ ಲೀಟರ್ ದ್ರವ ಇಂಥ ಕಪ್ಪಿನಲ್ಲಿ 15 ನಿಮಿಷ ಇದ್ದರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣ ಅದಕ್ಕೆ ಸೇರುತ್ತವೆ ಅಂತ ಕಂಡುಕೊಂಡರು. ಚಹಾ ತಣಿಯಲಿ ಅಂತ ನಾವು ಹರಟೆ ಹೊಡೆಯುವುದೂ ಅಷ್ಟೇ ಹೊತ್ತು.

ಬೆಳ್ಳಿ ಬಣ್ಣದ ಪೇಪರ್ ತಟ್ಟೆಯ ಕಥೆಯೂ ಇದೇ. ಕಾಗದ, ಲೇಪ ಎರಡೂ ಅಂಟಿಕೊಂಡಿರುವುದರಿಂದ ಗೊಬ್ಬರವೂ ಆಗುವುದಿಲ್ಲ, ಗುಜರಿಗೂ ಹೋಗುವುದಿಲ್ಲ. ಚಹಾಕ್ಕೆ ಪ್ರತಿಯೊಬ್ಬರೂ ತಮ್ಮ ಲೋಟ ತರಬೇಕು ಅನ್ನುವುದು ನಮ್ಮಲ್ಲಿ ನಿಯಮ. ತರದವರು ಎಲ್ಲರ ಚಹಾ ಮುಗಿಯುವವರೆಗೆ ಕಾಯಬೇಕು. ಎರಡನೇ ಸಲ ಯಾರೂ ಮರೆತಿಲ್ಲ.

ಕಬ್ಬಿನ ಸಿಪ್ಪೆಯ ಬಿಳಿ ತಟ್ಟೆ ಹೇಗೆ?

ಪರವಾಗಿಲ್ಲ. ಸಕ್ಕರೆ ಕಾರ್ಖಾನೆಯಲ್ಲಿ ಉಳಿದ ಸಿಪ್ಪೆಯನ್ನು ಅರೆದು ಒತ್ತಿ ಮಾಡುವುದು, ಹಗುರ, ನೀಟಾಗಿ ಒಂದರೊಳಗೊಂದು ಕೂರುತ್ತದೆ. ಬಿಸಿ ಸಾರು ಹಾಕಿದರೆ ಅಡಿ ಮೆತ್ತಗಾಗಿ ಬಾಗುತ್ತದೆ, ಅದೊಂದು. ಎಣ್ಣೆ ಹೀರದಂತೆ ಕೆಲವರು ಪಿಎಫ್‌ಎಎಸ್ ಅನ್ನುವ ಜಾತಿಯ ರಾಸಾಯನಿಕ ಸೇರಿಸುತ್ತಾರೆ, ಅದು ಮಣ್ಣಲ್ಲೂ ಮೈಯಲ್ಲೂ ಸುಲಭಕ್ಕೆ ಕರಗುವಂಥದ್ದಲ್ಲ. ಕೊಳ್ಳುವುದಾದರೆ ಪಿಎಫ್‌ಎಎಸ್ ಇಲ್ಲ ಅಂತ ಬರೆದದ್ದನ್ನೇ ಕೊಳ್ಳಿ. ಹಾಳೆ ಸಿಗುವ ಊರಲ್ಲಿ ಇದರ ಅಗತ್ಯ ನನಗೆ ಕಂಡಿಲ್ಲ.

‘ಕಂಪೋಸ್ಟಬಲ್’ ಅಂತ ಬರೆದ ಪಾರದರ್ಶಕ ಲೋಟ ಸಿಕ್ಕಿತು. ತಗೊಳ್ಳಬಹುದಾ?

ಅದು ಹೆಚ್ಚಾಗಿ ಪಿಎಲ್‌ಎ, ಮೆಕ್ಕೆಜೋಳದ ಪಿಷ್ಟದಂಥವುಗಳಿಂದ ಮಾಡಿದ ಪ್ಲಾಸ್ಟಿಕ್. ಜೋಳದಿಂದ ಬಂದದ್ದು ಅಂದ ಕೂಡಲೇ ಜೋಳದ ಹಾಗೆ ಕೊಳೆಯುತ್ತದೆ ಅಂದುಕೊಳ್ಳುತ್ತೇವೆ. ಅದು ಕೊಳೆಯಲು 58-60 ಡಿಗ್ರಿ ಬಿಸಿಯನ್ನು ವಾರಗಟ್ಟಲೆ ಹಿಡಿದಿಡುವ ಗೊಬ್ಬರ ಘಟಕ ಬೇಕು. ನಿಮ್ಮ ಹಿತ್ತಲಿನ ಗೊಬ್ಬರ ಗುಂಡಿಯಲ್ಲಿ ಆ ಬಿಸಿ ಇಲ್ಲ, ಕುದುರೆಮುಖದ ಹುಲ್ಲುಗುಡ್ಡದಲ್ಲಿ ಇಲ್ಲವೇ ಇಲ್ಲ, ಸಮುದ್ರದಲ್ಲಿ ಕೇಳುವುದೇ ಬೇಡ. ಅಲ್ಲೆಲ್ಲ ಅದು ಬೇರೆ ಪ್ಲಾಸ್ಟಿಕ್‌ನ ಹಾಗೇ ಬಿದ್ದಿರುತ್ತದೆ. ಐಎಸ್ ಅಥವಾ ಐಎಸ್‌ಒ 17088 ಅಂತ ಮುದ್ರೆ ಇದ್ದರೂ ಅದರ ಅರ್ಥ ಇಂಥ ಘಟಕದಲ್ಲಿ ಗೊಬ್ಬರವಾಗುತ್ತದೆ ಅಂತ, ಕಾಡಿನಲ್ಲಿ ಎಸೆಯಬಹುದು ಅಂತ ಅಲ್ಲ. ಏನೂ ಮುದ್ರೆ ಇಲ್ಲದೆ ಬರೀ ಎಲೆಯ ಚಿತ್ರ ಹಾಕಿ ಹಸಿರು ಅಕ್ಷರದಲ್ಲಿ ‘ಇಕೋ’ ಅಂತ ಬರೆದದ್ದಕ್ಕೆ ನಯಾಪೈಸೆ ಕಿಮ್ಮತ್ತಿಲ್ಲ.

ಪ್ಲಾಸ್ಟಿಕ್ ಚಮಚ, ಥರ್ಮೋಕೋಲ್ ತಟ್ಟೆ ಇನ್ನೂ ಅಂಗಡಿಯಲ್ಲಿ ಸಿಗುತ್ತದಲ್ಲ?

ಸಿಗುವುದು ಬೇರೆ, ಸರಿ ಇರುವುದು ಬೇರೆ. ಕರ್ನಾಟಕದಲ್ಲಿ 2016ರ ಮಾರ್ಚ್‌ನಿಂದ, ಇಡೀ ದೇಶದಲ್ಲಿ 2022ರ ಜುಲೈ 1ರಿಂದ ಇವಕ್ಕೆ ನಿಷೇಧ ಉಂಟು. ಅರಣ್ಯದ ಚೆಕ್‌ಪೋಸ್ಟ್‌ನಲ್ಲಿ ಬ್ಯಾಗ್ ಬಿಚ್ಚಿಸಿದರೆ ಇರುಸುಮುರುಸು ಬೇರೆ. ಚಮಚಕ್ಕೆ ಮನೆಯ ಸ್ಟೀಲ್ ಚಮಚ ಒಯ್ಯಿರಿ, ಇಲ್ಲವಾದರೆ ಕೈ. ಮರದ ಚಮಚ ಬಾಯಿಗೆ ಐಸ್‌ಕ್ರೀಮ್ ಕಡ್ಡಿ ನೆಕ್ಕಿದ ಹಾಗಾಗುತ್ತದೆ, ನನಗೆ ಇಷ್ಟವಿಲ್ಲ.

ಎಷ್ಟು ತಟ್ಟೆ ಒಯ್ಯಬೇಕು?

ಎಂಟು ಜನ, ತಟ್ಟೆ ಬೇಕಾಗುವ ಊಟ ಐದು ಅಂದರೆ 40. ಒಡೆದದ್ದು, ಎರಡನೇ ಸಲ ಬೇಕಾದದ್ದು ಅಂತ ನಾಲ್ಕು ಸೇರಿಸಿ 44. 10 ಇಂಚಿನ ಹಾಳೆ ತಟ್ಟೆ 20-25 ಗ್ರಾಂ ತೂಗುತ್ತದೆ, ಎಲ್ಲ ಸೇರಿ ಒಂದು ಕಿಲೋ ಹತ್ತಿರ. ಎಂಟು ಸ್ಟೀಲ್ ತಟ್ಟೆಗೆ ಎರಡು ಕಿಲೋ ಆದೀತು. ನೋಡಿದಿರಾ, ವ್ಯತ್ಯಾಸ ಒಂದೇ ಕಿಲೋ, ಹಾಗಾಗಿ ನೀರು ಇರುವ ಕಡೆ ‘ತೂಕ ಜಾಸ್ತಿ’ ಅನ್ನುವ ನೆವ ನಡೆಯುವುದಿಲ್ಲ. ಮೇಲೆ ಹೇಳಿದ ಹಾಗೆ ಬಾಳೆಲೆ ಹಾಸಿ ಉಂಡರೆ 44ರ ಬದಲು 16 ತಟ್ಟೆಯಲ್ಲಿ ಮುಗಿಯುತ್ತದೆ.

ಎಲೆ, ಹಾಳೆ ಎಲ್ಲ ಮಣ್ಣಾಗುವುದೇ ತಾನೇ. ಉಂಡು ಅಲ್ಲೇ ಬಿಟ್ಟು ಬಂದರೆ ಏನು?

ಅತಿ ಹೆಚ್ಚು ಜಗಳ ಆದದ್ದು ಇದೇ ಪ್ರಶ್ನೆಗೆ. ಬಿಡಬೇಡಿ. ಹೂಳಲೂ ಬೇಡಿ.

ಹಾಳೆ ತಟ್ಟೆ ಒಂದು ದಿನದಲ್ಲಿ ಮಣ್ಣಾಗುವುದಿಲ್ಲ, ತೇವ ಇರುವ ಗೊಬ್ಬರ ಗುಂಡಿಯಲ್ಲೇ ಎರಡು ಮೂರು ತಿಂಗಳು ಹಿಡಿಯುತ್ತದೆ. ಒಣ ಗುಡ್ಡದ ಮೇಲೆ ಇನ್ನೂ ಜಾಸ್ತಿ. ಅಷ್ಟರೊಳಗೆ ಮುಂದಿನ ವಾರ ಬಂದವರು ನಿಮ್ಮ ರಾಶಿ ನೋಡಿ ‘ಇಲ್ಲಿ ಹಾಕಬಹುದು’ ಅಂದುಕೊಂಡು ಚಿಪ್ಸ್ ಪ್ಯಾಕೆಟ್ ಸೇರಿಸುತ್ತಾರೆ. ಕಸ ಕಸವನ್ನು ಕರೆಯುತ್ತದೆ. ಅದಕ್ಕಿಂತ ದೊಡ್ಡದು ಉಪ್ಪು, ಎಣ್ಣೆ, ಮಾಂಸದ ವಾಸನೆ. ಹೂತದ್ದನ್ನು ಕಾಡುಹಂದಿ ಅದೇ ರಾತ್ರಿ ತೋಡಿ ತೆಗೆಯುತ್ತದೆ. ಆಗುಂಬೆ ಘಾಟಿಯ ಕೋತಿಗಳು ಕಾರಿನ ಕಿಟಕಿಗೆ ಕೈ ಹಾಕುವುದನ್ನು ನೋಡಿಲ್ವಾ, ಅದನ್ನು ಕಲಿಸಿದ್ದು ನಾವೇ. ಕಡಲ ಬದಿಯಲ್ಲೂ ಅಷ್ಟೇ. ಸಸಿಹಿತ್ಲು, ತಣ್ಣೀರುಬಾವಿಯಂಥ ಕಡೆ ಕಡಲಾಮೆ ಮೊಟ್ಟೆ ಇಡಲು ಬರುತ್ತವೆ. ಹೊಯಿಗೆಯಲ್ಲಿ ಹೂತ ಊಟದ ವಾಸನೆಗೆ ಬರುವ ನಾಯಿಗಳು ಮೊಟ್ಟೆಯನ್ನೂ ಬಿಡುವುದಿಲ್ಲ.

ಕ್ಯಾಂಪ್‌ಫೈರ್‌ಗೆ ಹಾಕಿ ಸುಟ್ಟರೆ?

ಬೆಂಕಿ ಹಾಕಲು ಅನುಮತಿ ಇರುವ ಅಂಗಳದಲ್ಲಿ, ಒಣಗಿದ ಹಾಳೆ ತಟ್ಟೆಯನ್ನು ಸುಡಬಹುದು, ಚೆನ್ನಾಗಿ ಉರಿಯುತ್ತದೆ. ಪೇಪರ್ ಕಪ್, ಪಿಎಲ್‌ಎ, ಫಾಯಿಲ್ ಯಾವುದೂ ಬೇಡ. ಕಾಡಿನೊಳಗೆ ಬೆಂಕಿಯ ಮಾತೇ ಎತ್ತಬೇಡಿ. ಫೆಬ್ರವರಿ ಕಳೆದ ಮೇಲೆ ಘಟ್ಟದ ಹುಲ್ಲು ಒಂದು ಕಿಡಿಗೆ ಕಾದು ಕೂತಿರುತ್ತದೆ. ಉರಿಯುವ ತಟ್ಟೆಯ ಚೂರು ಗಾಳಿಗೆ ಗಾಳಿಪಟದ ಹಾಗೆ ಹಾರುವುದನ್ನು ಒಮ್ಮೆ ಅಂಗಳದಲ್ಲೇ ಕಂಡು ನಮ್ಮ ಎದೆ ಝಲ್ಲೆಂದಿತ್ತು.

ವಾಪಸ್ ತರುವುದು ಹೇಗೆ? ಗಲೀಜಲ್ವಾ?

ಉಂಡ ಮೇಲೆ ತಟ್ಟೆಯನ್ನು ಬೆರಳಿನಿಂದ ಬಳಿದು ನೆಕ್ಕಿ, ನಾಚಿಕೆ ಬೇಡ. ಎಲುಬು, ಕರಿಬೇವು ಬೇರೆ ಡಬ್ಬಿಗೆ. ತಟ್ಟೆಗಳನ್ನು ಒಂದು ಗಂಟೆ ಬಿಸಿಲಿಗೆ ಮಗುಚಿ ಇಟ್ಟರೆ ಒಣಗುತ್ತವೆ, ಒಂದರ ಮೇಲೊಂದು ಪೇರಿಸಿ ಬಂದ ಗೋಣಿಗೇ ಹಾಕಿದರೆ ಆಯಿತು. ನಾವು ಹಳೆಯ ಅಕ್ಕಿ ಚೀಲ ಒಯ್ಯುತ್ತೇವೆ. ಬಾಳೆಲೆಯನ್ನು ಹತ್ತಿರದ ಮನೆಯವರ ದನಕ್ಕೆ ಹಾಕಬಹುದು, ಕೇಳಿ ಹಾಕಿ, ಮಸಾಲೆ ಮೆತ್ತಿದ್ದನ್ನು ಹಾಕಬೇಡಿ.

ಮನೆಗೆ ಬಂದ ಮೇಲೆ ಹಾಳೆಯನ್ನು ನಾಲ್ಕು ತುಂಡು ಹರಿದು ತೆಂಗಿನ ಬುಡಕ್ಕೆ ಹಾಕಿ ಮೇಲೆ ಮಣ್ಣು ಎಳೆಯಿರಿ. ಫ್ಲ್ಯಾಟ್‌ನಲ್ಲಿರುವವರು ಹಸಿ ಕಸಕ್ಕೆ ಕೊಡಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೊಡಬೇಡಿ. 2019ರ ಆಗಸ್ಟ್‌ನಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಮಳೆಗೆ ಜಾರಿ ಮಂದಾರದ ತೋಟ, ಮನೆಗಳ ಮೇಲೆ ಬಂದು ಕೂತದ್ದು ನೆನಪಿದೆಯಲ್ವಾ? ಬೆರೆಸಿ ಕೊಟ್ಟ ಕಸ ಹೋಗಿ ಸೇರುವುದು ಅಂಥ ಗುಡ್ಡಕ್ಕೇ.

ಉಳಿದ ಹಾಳೆ ತಟ್ಟೆ ಮಳೆಗಾಲ ದಾಟುತ್ತದಾ?

ಸುಮ್ನೆ ಕಪಾಟಿನಲ್ಲಿಟ್ಟರೆ ದಾಟುವುದಿಲ್ಲ. ಜುಲೈನಲ್ಲಿ ನಮ್ಮ ಊರಿನಲ್ಲಿ ಚರ್ಮದ ಬೆಲ್ಟಿಗೇ ಬೂಷ್ಟು ಬರುತ್ತದೆ, ಇನ್ನು ಹಾಳೆ ಯಾವ ಲೆಕ್ಕ. ಮೇ ತಿಂಗಳ ಬಿಸಿಲಿಗೆ ಎರಡು ದಿನ ಒಣಗಿಸಿ, ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ ಅಟ್ಟದಲ್ಲಿಡಿ. ಕಟ್ಟಿಗೆ ಒಲೆ ಇರುವ ಮನೆಯಾದರೆ ಒಲೆಯ ಮೇಲಿನ ಅಟ್ಟ ಇನ್ನೂ ಒಳ್ಳೆಯದು. ಸ್ವಲ್ಪ ಹೊಗೆ ವಾಸನೆ ಹಿಡಿಯುತ್ತದೆ, ಕೋರಿ ರೊಟ್ಟಿಗೆ ಅದು ಗೊತ್ತೇ ಆಗುವುದಿಲ್ಲ.